ಸಹಿಸಬೇಡವೇ?

ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಉಪಾಧ್ಯಾಯಿನಿಯರು ಕೇಳಿಕೊಂಡಾಗ, ಶಾಲೆಯ ಗಂಟೆಯ ನಾದವನ್ನೂ ಅಂಗಳದ ಮರವನ್ನೂ ಕುರಿತು ನಾನೂ ಬರೆಯಬಹುದಾಗಿತ್ತು. ಅವನ್ನು ನನಗಿಂತ ಚೆನ್ನಾಗಿ ಬರೆಯಬಲ್ಲ ಹಳೆಯ ವಿದ್ಯಾರ್ಥಿನಿಯರು ಅನೇಕರಿದ್ದಾರೆ. ಹೆಣ್ಣುಮಕ್ಕಳನ್ನು ಕಾಲೇಜಿಗೆ ಕಳುಹಿಸುವ ತಾಯಿತಂದೆಗಳು ತಿಳಿದಿರಬೇಕಾದ, ಆದರೆ ನಮ್ಮಲ್ಲಿ ಪಿಸುಮಾತಿನಲ್ಲಿ ಮಾತ್ರ ಆಡಲ್ಪಡುವ ಒಂದು ಸಂಗತಿಯನ್ನು ನಾನು ಬರೆಯುವೆನು. ಅದು ತಿಂಗಳ ಮುಟ್ಟಿನ ನೋವು.

1980ರಲ್ಲಿ ನಾನು ಬಿ.ಎಸ್‌ಸಿ. ತರಗತಿಯಲ್ಲಿದ್ದೆನು. ರಸಾಯನಶಾಸ್ತ್ರದ ಪ್ರಯೋಗಪರೀಕ್ಷೆಯ ದಿವಸ ಕಿಬ್ಬೊಟ್ಟೆಯನ್ನು ಹಿಂಡುವ ನೋವು ಸೊಂಟಕ್ಕೂ ತೊಡೆಗಳಿಗೂ ಇಳಿದು, ಬ್ಯುರೆಟ್ಟಿನ ಅಂಕಿಗಳು ಕಣ್ಣಿಗೆ ಮಂಜಾದವು. ವಾಂತಿ ಬರುವಂತಾಗಿ ಹೊರಗೆ ಹೋಗಲು ಅನುಮತಿ ಬೇಡಿದೆನು. “ಇದೆಲ್ಲ ಮನಸ್ಸಿನ ದೌರ್ಬಲ್ಯ. ಓದಲು ಬಂದವಳು ಇಷ್ಟನ್ನು ಸಹಿಸಬೇಡವೇ?” ಎಂದರು ಅಲ್ಲಿದ್ದ ಅಧ್ಯಾಪಿಕೆ. ಸಹಿಸಿದೆನು. ಮನೆಯಲ್ಲಿ ತಾಯಿಯವರು ಓಮದ ಕಷಾಯವನ್ನು ಕೊಟ್ಟು, “ಮದುವೆಯಾದ ಮೇಲೆ ಸರಿಹೋಗುತ್ತದೆ, ಮಗೂ” ಎಂದು ತಲೆ ಸವರುತ್ತಿದ್ದರು. ಪ್ರೀತಿಯ ಮಾತೇನೋ ಹೌದು, ಔಷಧವಾಗಲಿಲ್ಲ.

ಆ ನೋವು ಮನಸ್ಸಿನದಲ್ಲ. ಗರ್ಭಕೋಶದ ಒಳಪದರವು ಕಳಚುವ ವೇಳೆಗೆ ಅಲ್ಲಿ ಪ್ರಾಸ್ಟಗ್ಲಾಂಡಿನ್ ಎಂಬ ದ್ರವ್ಯಗಳು ಹುಟ್ಟುತ್ತವೆ. ಅವು ಮಿತಿಮೀರಿದರೆ ಗರ್ಭಕೋಶದ ಸ್ನಾಯು ಬಿಗಿಯಾಗಿ ಹಿಂಡಿಕೊಂಡು, ತನಗೆ ಬರುವ ರಕ್ತವನ್ನು ತಾನೇ ತಡೆದುಕೊಳ್ಳುವುದು, ನೋವು ಅದರಿಂದ. ವಾಂತಿ, ಭೇದಿಗಳೂ ಇವುಗಳದೇ ಚೇಷ್ಟೆ. ಆಸ್ಪಿರಿನ್ ಜಾತಿಯ ಔಷಧಗಳು ಈ ದ್ರವ್ಯಗಳ ಉತ್ಪತ್ತಿಯನ್ನೇ ತಡೆಯುತ್ತವೆಂದು ಜಾನ್ ವೇನ್ 1971ರಲ್ಲಿ ತೋರಿಸಿದರು. 1982ರಲ್ಲಿ ಅವರಿಗೂ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳಿಗೂ ನೊಬೆಲ್ ಪಾರಿತೋಷಕವು ದೊರೆಯಿತು. ನಾನು ಬ್ಯುರೆಟ್ಟು ಹಿಡಿದು ನಡುಗುತ್ತಿದ್ದಾಗ ಉತ್ತರವು ಗ್ರಂಥಗಳಲ್ಲಿ ಆಗಲೇ ಇತ್ತು! ಐಬುಪ್ರೊಫೆನ್, ಮೆಫೆನಾಮಿಕ್ ಆಮ್ಲ ಮುಂತಾದ ಗುಳಿಗೆಗಳನ್ನು ನೋವು ಏರಿದ ಮೇಲಲ್ಲ, ಆರಂಭದಲ್ಲಿಯೇ, ಊಟದೊಡನೆ ತೆಗೆದುಕೊಂಡರೆ ಬಹುಮಂದಿಗೆ ಗುಣ ಕಾಣುವುದು. ಹೊಟ್ಟೆಹುಣ್ಣು, ಉಬ್ಬಸ ಉಳ್ಳವರು ಮಾತ್ರ ವೈದ್ಯರನ್ನು ಕೇಳದೆ ನುಂಗಲಾಗದು. ಕಿಬ್ಬೊಟ್ಟೆಯ ಮೇಲೆ ಬಿಸಿನೀರಿನ ಚೀಲವನ್ನಿಡುವುದೂ ಬರಿಯ ಅಜ್ಜಿಯ ಮದ್ದಲ್ಲ.

ಇನ್ನು ನನ್ನ ತಪ್ಪನ್ನು ಹೇಳಬೇಕು. ಮುಂದೆ ನಾನೂ ಅಧ್ಯಾಪಿಕೆಯಾದೆನು. ತಿಂಗಳಿಗೆ ಎರಡು ಮೂರು ದಿವಸ ತಪ್ಪದೆ ಗೈರುಹಾಜರಾಗುತ್ತಿದ್ದ ಹುಡುಗಿಯೊಬ್ಬಳಿಗೆ, “ನಮಗೂ ಇತ್ತಮ್ಮ, ನಾವು ಸಹಿಸಲಿಲ್ಲವೇ?” ಎಂದುಬಿಟ್ಟೆನು. ಅವಳ ನೋವು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು, ಮುಟ್ಟು ನಿಂತ ಮೇಲೂ ಉಳಿಯುತ್ತಿತ್ತು, ಗುಳಿಗೆಗೂ ಬಗ್ಗುತ್ತಿರಲಿಲ್ಲ. ಈ ಮೂರನ್ನೂ ನಾನು ಕೇಳಲೇ ಇಲ್ಲ. ಗರ್ಭಕೋಶದ ಒಳಪದರದಂಥ ಅಂಗಾಂಶವು ಅದರ ಹೊರಗೆ ಬೆಳೆಯುವ ಎಂಡೋಮೆಟ್ರಿಯೋಸಿಸ್ ಎಂಬ ರೋಗವೆಂದು ಗೊತ್ತಾಗುವಷ್ಟರಲ್ಲಿ ಅವಳು ಓದನ್ನು ಬಿಟ್ಟಿದ್ದಳು. ಮುಟ್ಟಾಗುವ ವಯಸ್ಸಿನ ಹತ್ತು ಮಂದಿಯಲ್ಲಿ ಸುಮಾರು ಒಬ್ಬಳಿಗೆ ಈ ರೋಗವುಂಟು. ಪತ್ತೆಯಾಗುವುದಕ್ಕೆ ಎಷ್ಟೋ ವರ್ಷ ಹಿಡಿಯುವುದು ಏಕೆಂಬುದನ್ನು ನನ್ನ ಮಾತೇ ತೋರಿಸುವುದು.

2023ರ ಜನವರಿಯಲ್ಲಿ ಕೇರಳ ಸರ್ಕಾರವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿನಿಯರಿಗೆ ಕಡ್ಡಾಯ ಹಾಜರಿಯನ್ನು ನೂರಕ್ಕೆ 75ರಿಂದ 73ಕ್ಕೆ ಇಳಿಸಿತು. 2025ರ ಅಕ್ಟೋಬರಿನಲ್ಲಿ ನಮ್ಮ ಕರ್ನಾಟಕದ ಮಂತ್ರಿಮಂಡಲವು ಉದ್ಯೋಗಸ್ಥ ಸ್ತ್ರೀಯರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ರಜೆಗೆ ಒಪ್ಪಿಗೆಯಿತ್ತಿತು. ಸಂತೋಷವೇ, ಆದರೆ ರಜೆ ಕೇಳುವುದಕ್ಕೂ ಬಾಯಿ ಬೇಕಷ್ಟೆ.

ಆ ಹುಡುಗಿ ಈಚೆಗೆ ಬಸ್ಸು ನಿಲ್ದಾಣದಲ್ಲಿ ಕಾಣಸಿಕ್ಕಳು. ತಮ್ಮನ ಮಗಳನ್ನು ಕಾಲೇಜಿನ ವಿದ್ಯಾರ್ಥಿನಿ ನಿಲಯಕ್ಕೆ ಸೇರಿಸಲು ಹೊರಟಿದ್ದಳು. “ನೋವಾದರೆ ಅದೇ ದಿನ ನನಗೆ ತಿಳಿಸಬೇಕೆಂದು ಹೇಳಿದ್ದೇನೆ, ಮೇಡಂ” ಎಂದು ನಕ್ಕಳು. ನಾನು ಕ್ಷಮೆ ಕೇಳಬೇಕೆಂದು ಮಾತು ಕೂಡಿಸಿಕೊಳ್ಳುವಷ್ಟರಲ್ಲಿ ಅವರ ಬಸ್ಸು ಬಂದಿತು.