ಮೊಮ್ಮಗನ ಅರವತ್ತು ಎಲೆಗಳು

ನಮ್ಮ ಮನೆಯಲ್ಲಿ ಇಸ್ಪೀಟು ಎಂಬ ಶಬ್ದವನ್ನು 1972ರಿಂದ ಈಚೆಗೆ ಯಾರೂ ಉಚ್ಚರಿಸಿದವರಲ್ಲ. ಮಕ್ಕಳು ಸೂಟಿಯ ದಿನಗಳಲ್ಲಿ ನೆರೆಮನೆಯಿಂದ ಒಂದು ಕಟ್ಟು ಎಲೆ ತಂದರೆ ಅವರ ತಾಯಿ ಒಂದು ಮಾತನ್ನೂ ಆಡದೆ ಅದನ್ನು ತೆಗೆದುಕೊಂಡು ಹೋಗಿ ಒಲೆಗೆ ಹಾಕುತ್ತಿದ್ದಳು. ಏಕೆಂದು ಅವಳು ಹೇಳಲಿಲ್ಲ. ನಾನಂತೂ ಹೇಳುವ ಧೈರ್ಯ ಮಾಡಲಿಲ್ಲ.

ಆಗ ನನಗೆ ಇಪ್ಪತ್ತಾರು ವರ್ಷ. ಧಾರವಾಡ ಜಿಲ್ಲೆಯ ಒಂದು ಊರಿನಲ್ಲಿ ಮಾಧ್ಯಮಿಕ ಶಾಲೆಯ ಶಿಕ್ಷಕನಾಗಿದ್ದೆ. ಹತ್ತಿ ಗಿರಣಿಯ ಹಿಂದಿನ ಕೋಣೆಯೊಂದರಲ್ಲಿ ಸಂಜೆಯ ಹೊತ್ತು ನಾಲ್ಕಾರು ಜನ ಸೇರುತ್ತಿದ್ದರು. ಮೊದಲು ರಮ್ಮಿ. ರಮ್ಮಿಯು ಬುದ್ಧಿಯ ಆಟವೆಂದು ಸುಪ್ರೀಂ ಕೋರ್ಟೇ 1967ರಲ್ಲಿ ತೀರ್ಪು ಕೊಟ್ಟಿದೆಯೆಂದು ನಮ್ಮಲ್ಲಿದ್ದ ವಕೀಲರ ಗುಮಾಸ್ತನೊಬ್ಬನು ಎಲ್ಲರಿಗೂ ಸಮಾಧಾನ ಹೇಳುತ್ತಿದ್ದನು. ರಾತ್ರಿ ಒಂಬತ್ತರ ಮೇಲೆ ಬುದ್ಧಿಯ ಆಟ ಮುಗಿದು ಅಂದರ್-ಬಾಹರ್ ಆರಂಭವಾಗುತ್ತಿತ್ತು. ಸಂಬಳ ಹೋಯಿತು, ಕೈಗಡ ಹೋಯಿತು. ಕೊನೆಗೆ ಮಡದಿಯ ಟ್ರಂಕಿನ ತಳದಲ್ಲಿದ್ದ ಎರಡು ಬಂಗಾರದ ಪಾಟಲಿಗಳನ್ನು ಅವಳಿಗೆ ತಿಳಿಯದಂತೆ ಒಯ್ದು ಸಾಹುಕಾರರಲ್ಲಿ ಅಡವಿಟ್ಟೆ. ಅದು ಬರಗಾಲದ ವರ್ಷ. ಬಿಡಿಸಿಕೊಳ್ಳುವ ಮಾತೇ ಬರಲಿಲ್ಲ.

ಪಂಚಮಿಗೆ ತವರಿಗೆ ಹೊರಟು ನಿಂತಾಗ ಅವಳು ಟ್ರಂಕು ತೆರೆದಳು. ಬಹಳ ಹೊತ್ತು ಹುಡುಕಿದಳು. ನಂತರ ನನ್ನ ಮುಖ ನೋಡಿದಳು, ಟ್ರಂಕು ಮುಚ್ಚಿದಳು, ಗಾಜಿನ ಬಳೆ ತೊಟ್ಟುಕೊಂಡೇ ತವರಿಗೆ ಹೋದಳು. ಅವಳು ಹಿಂದಿರುಗಿದ ದಿನ ದೇವರ ಜಗುಲಿಯ ಮುಂದೆ ನಿಂತು, ಕೊರಳಲ್ಲಿಯ ಲಿಂಗವನ್ನು ಮುಟ್ಟಿ, ಇನ್ನು ಈ ಜನ್ಮದಲ್ಲಿ ಎಲೆ ಮುಟ್ಟುವುದಿಲ್ಲವೆಂದು ಹೇಳಿದೆ. ‘ಮುಟ್ಟೂದಿಲ್ಲ ಅಂದಮ್ಯಾಲೆ ಮುಟ್ಟಬಾರದು’ ಎಂದಷ್ಟೇ ಅವಳೆಂದಳು. 2009ರಲ್ಲಿ ಅವಳು ಲಿಂಗೈಕ್ಯಳಾಗುವವರೆಗೂ ಆ ವಿಷಯ ಮತ್ತೆ ನಮ್ಮಿಬ್ಬರ ನಡುವೆ ಬರಲಿಲ್ಲ.

ಇಷ್ಟನ್ನು ಮೊದಲೇ ಹೇಳದಿದ್ದರೆ 2014ರ ಬೇಸಿಗೆಯಲ್ಲಿ ನನಗೊದಗಿದ ಪೇಚು ಓದುಗರಿಗೆ ಅರ್ಥವಾಗಲಾರದು. ಆ ವರ್ಷ ನಾನು ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಪಟ್ಟಣದಲ್ಲಿರುವ ಮಗಳ ಮನೆಗೆ ಹೋಗಿದ್ದೆ. ಮಗಳಿಗೆ ಆಸ್ಪತ್ರೆಯ ಕೆಲಸ, ಅಳಿಯನಿಗೆ ಕಚೇರಿ. ಹತ್ತು ವರ್ಷದ ಮೊಮ್ಮಗನಿಗೆ ಬೇಸಿಗೆಯ ರಜೆ. ಹೋದ ಮರುದಿನವೇ ಅವನು ಊಟದ ಮೇಜಿನ ಮೇಲೆ ಒಂದು ಬಟ್ಟೆ ಹಾಸಿ, ಎರಡು ಕಟ್ಟು ಎಲೆಗಳನ್ನು ತಂದಿಟ್ಟು, ‘ಅಜ್ಜಾ, ನನ್ನ ಕೂಡ ಆಡ್ತೀಯಾ?’ ಎಂದು ಕೇಳಿದನು. ಜುಲೈ ತಿಂಗಳ ಮೊದಲ ವಾರ ಇಂಡಿಯಾನಾಪೊಲಿಸ್ ನಗರದಲ್ಲಿ ಪೋಕೆಮಾನ್ ಕಾರ್ಡ್ ಆಟದ ರಾಷ್ಟ್ರೀಯ ಪಂದ್ಯಾವಳಿ ಇತ್ತು. ಅವನು ಕಿರಿಯರ ವಿಭಾಗದಲ್ಲಿ ಆಡುವವನಿದ್ದನು. ಅಭ್ಯಾಸಕ್ಕೆ ಜೊತೆಗಾರರಿರಲಿಲ್ಲ.

ಕಣ್ಣು ಮಂಜು ಎಂದೆ. ಇಂಗ್ಲಿಷು ಓದಲು ತಡವಾಗುತ್ತದೆ ಎಂದೆ. ನಾನು ಮೂವತ್ತು ವರ್ಷ ಇಂಗ್ಲಿಷು ಕಲಿಸಿದವನೆಂಬುದು ಹುಡುಗನಿಗೆ ತಿಳಿದಿತ್ತು. ಮಗಳು ಅಡುಗೆಮನೆಯಿಂದ ಹೊರಬಂದು, ‘ಅಪ್ಪಾ, ಅದು ಇಸ್ಪೀಟ ಅಲ್ಲ, ಮಕ್ಕಳ ಆಟ’ ಎಂದಳು. ಅವಳ ಬಾಯಲ್ಲಿ ಆ ಶಬ್ದವನ್ನು ನಾನು ಕೇಳಿದ್ದು ಅದೇ ಮೊದಲು.

ಎರಡು ವಾರ ದೂರದಿಂದಲೇ ನೋಡಿದೆ. ಶಿಕ್ಷಕನ ಸ್ವಭಾವ, ನಿಯಮದ ಪುಸ್ತಕವನ್ನೂ ಓದಿದೆ. ಪುಸ್ತಕ ಮುಟ್ಟಬಾರದೆಂದೇನೂ ಆಣೆಯಿರಲಿಲ್ಲವಷ್ಟೆ. ಈ ಬಗೆಯ ಆಟಗಳಿಗೆ ಹಾದಿ ಹಾಕಿಕೊಟ್ಟವನು ರಿಚರ್ಡ್ ಗಾರ್ಫೀಲ್ಡ್ ಎಂಬ ಗಣಿತಜ್ಞ. ಅವನು ರೂಪಿಸಿದ ‘ಮ್ಯಾಜಿಕ್: ದಿ ಗ್ಯಾದರಿಂಗ್’ 1993ರಲ್ಲಿ ಹೊರಬಂದಿತು. ಪೋಕೆಮಾನ್ ಕಾರ್ಡುಗಳು 1996ರಲ್ಲಿ ಜಪಾನಿನಲ್ಲಿ ಹುಟ್ಟಿ, 1999ರಲ್ಲಿ ಇಂಗ್ಲಿಷಿನಲ್ಲಿ ಅಮೆರಿಕಕ್ಕೆ ಬಂದವು. ಇಸ್ಪೀಟಿನಲ್ಲಿ ಎಲ್ಲರಿಗೂ ಒಂದೇ ಐವತ್ತೆರಡು ಎಲೆ; ಇಲ್ಲಿ ಹಾಗಲ್ಲ. ಸಾವಿರಾರು ಬಗೆಯ ಎಲೆಗಳಲ್ಲಿ ತನಗೆ ಬೇಕಾದ 60ನ್ನು ಆರಿಸಿಕೊಂಡು ಪ್ರತಿಯೊಬ್ಬನೂ ತನ್ನ ಕಟ್ಟನ್ನು ತಾನೇ ಕಟ್ಟಿಕೊಂಡು ಬರಬೇಕು. ಮೂಲ ಶಕ್ತಿಯ ಎಲೆಗಳನ್ನು ಬಿಟ್ಟರೆ ಒಂದೇ ಹೆಸರಿನ ಎಲೆ 4ಕ್ಕಿಂತ ಹೆಚ್ಚು ಇರಕೂಡದು. ಕೈಯಲ್ಲಿ 7 ಎಲೆ ಹಿಡಿದು ಆರಂಭ. ಬೇರೆ 6 ಎಲೆಗಳನ್ನು ಬಹುಮಾನವೆಂದು ಮಗುಚಿ ಇಡಬೇಕು. ಎದುರಾಳಿಯ ಪ್ರಾಣಿಯನ್ನು ಸೋಲಿಸಿದಾಗಲೆಲ್ಲ ತನ್ನ ಬಹುಮಾನದೊಳಗಿನ ಎಲೆಯನ್ನು ಎತ್ತಿಕೊಳ್ಳಬೇಕು. ಆರನ್ನೂ ಮೊದಲು ಎತ್ತಿಕೊಂಡವನು ಗೆದ್ದ. ಎಳೆಯಲು ಎಲೆಯೇ ಉಳಿಯದೆ ಸೋಲುವುದೂ ಉಂಟು; ಅತಿ ಆತುರದವರಿಗೆ ಒದಗುವ ಗತಿ ಅದು.

ಹಣದ ಪಣ ಎಲ್ಲಿಯೂ ಇಲ್ಲ. ಆದರೂ ನನ್ನ ಮೂಗಿಗೆ ಆ ಹಳೆಯ ಕೋಣೆಯ ವಾಸನೆ ಒಂದು ಕಡೆ ಬಡಿಯಿತು. ಎಲೆಗಳನ್ನು ಮಾರುವುದು ಮುಚ್ಚಿದ ಪೊಟ್ಟಣಗಳಲ್ಲಿ. ಆಗ ಸುಮಾರು 4 ಡಾಲರಿಗೆ 10 ಎಲೆ. ಒಳಗೆ ಏನಿದೆಯೆಂದು ಒಡೆಯುವವರೆಗೆ ತಿಳಿಯದು. ಅಂಗಡಿಯಲ್ಲಿ ಮಕ್ಕಳು ಪೊಟ್ಟಣ ಹರಿಯುವಾಗಿನ ಮುಖವನ್ನು ನಾನು ಬಲ್ಲೆ. ಆ ಮುಖ ನನ್ನದೂ ಆಗಿತ್ತು. ಆಟದೊಳಗೆ ಜೂಜಿಲ್ಲ, ಪೊಟ್ಟಣದೊಳಗೆ ಇದೆಯೆಂದು ಅಳಿಯನಿಗೆ ಹೇಳಿದೆ. ಅವರು ಒಪ್ಪಿ, ಅಂದಿನಿಂದ ಬೇಕಾದ ಎಲೆಯನ್ನು ಬಿಡಿಯಾಗಿಯೇ ಕೊಡಿಸತೊಡಗಿದರು. ಈ ಅಭಿಪ್ರಾಯವನ್ನು ಇಂದಿಗೂ ನಾನು ಬದಲಿಸಿಲ್ಲ.

ಹುಡುಗನ ಕಟ್ಟಿನ ನಾಯಕ ಬ್ಲಾಸ್ಟಾಯ್ಸ್ ಎಂಬ ಆಮೆ. ಬೆನ್ನ ಮೇಲೆ ಎರಡು ನೀರಿನ ತೋಪು. ಅದು ಬಯಲಿಗೆ ಬಂದರೆ ಕೈಯಲ್ಲಿದ್ದಷ್ಟು ನೀರಿನ ಶಕ್ತಿಯನ್ನು ಒಂದೇ ಸರದಿಯಲ್ಲಿ ಪ್ರಾಣಿಗಳಿಗೆ ಜೋಡಿಸಬಹುದು. ಆದರೆ ಬರುವುದು ತಡ. ಆ ತಡವನ್ನು ತುಂಬಲು ‘ಟ್ರಾಪಿಕಲ್ ಬೀಚ್’ ಎಂಬೊಂದು ಎಲೆ ಬೇಕಾಗುತ್ತಿತ್ತು. ಅದು ಪೊಟ್ಟಣದಲ್ಲಿ ಸಿಗುವುದಲ್ಲ. 2011 ಮತ್ತು 2012ರ ವಿಶ್ವ ಪಂದ್ಯಾವಳಿಗಳಲ್ಲಿ ಭಾಗವಹಿಸಿದವರಿಗೆ ಹಂಚಿದ್ದು. ಬೆಲೆ ನೂರು ಡಾಲರಿಗೂ ಮೇಲೆ. ಶನಿವಾರ ಆಟದ ಅಂಗಡಿಗೆ ಬರುತ್ತಿದ್ದ ಕಾಲೇಜು ಹುಡುಗನೊಬ್ಬನು ಅದನ್ನು ಪಂದ್ಯ ಮುಗಿಯುವವರೆಗೆ ಇಟ್ಟುಕೋ ಎಂದು ನಮ್ಮವನಿಗೆ ಕೊಟ್ಟಿದ್ದನು.

‘ಅಡವಿಗೆ ಏನ ಇಟ್ಟಿ?’ ಎಂದು ಕೇಳಿದೆ.

ಹುಡುಗನಿಗೆ ಪ್ರಶ್ನೆಯೇ ತಿಳಿಯಲಿಲ್ಲ. ಅಡವು ಎಂದರೇನೆಂದು ವಿವರಿಸಬೇಕಾಯಿತು. ವಿವರಿಸುವಾಗ ನನ್ನ ಗಂಟಲು ಕಟ್ಟಿತು.

ಕೊನೆಗೆ ಉಪಾಯ ಹೂಡಿದವನು ಅವನೇ. ‘ಅಜ್ಜಾ, ನೀ ಮುಟ್ಟಬ್ಯಾಡ. ಹೇಳು ಸಾಕು.’ ಸ್ಕ್ರ್ಯಾಬಲ್ ಆಟದಲ್ಲಿ ಅಕ್ಷರದ ಬಿಲ್ಲೆಗಳನ್ನು ನಿಲ್ಲಿಸುವ ಮರದ ಪಟ್ಟಿಗಳನ್ನು ತಂದು ನನ್ನ ಮುಂದೆ ಜೋಡಿಸಿದನು. ನನ್ನ ಪಾಲಿನ ಎಲೆಗಳನ್ನು ತಾನು ನೋಡದೆ ಎಳೆದು, ಮುಖ ನನ್ನತ್ತ ಮಾಡಿ ಅದರಲ್ಲಿ ನಿಲ್ಲಿಸಿದನು. ನಾನು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ‘ಎಡದಿಂದ ಮೂರನೇದು ಇಡು’ ಎನ್ನುತ್ತಿದ್ದೆ. ಹೀಗೆ ಹದಿನೈದಿಪ್ಪತ್ತು ದಿನ ನಮ್ಮ ಅಭ್ಯಾಸ ನಡೆಯಿತು. ನನಗೆ ಅವನು ಕೊಟ್ಟದ್ದು ವಿರಿಜಿಯನ್ ಮತ್ತು ಜೆನೆಸೆಕ್ಟ್ ಎಂಬ ಹಸಿರು ಜೋಡಿಯ ಕಟ್ಟು. ಅವನ ನೀರಿನ ಪ್ರಾಣಿಗಳಿಗೆ ಹಸಿರಿನ ಪೆಟ್ಟು ಎರಡು ಪಟ್ಟು ತಾಗುತ್ತದೆ. ಆದ್ದರಿಂದ ಅದರೆದುರು ಆಡಿ ಪಳಗುವುದು ಅವನಿಗೆ ಅಗತ್ಯವಾಗಿತ್ತು. ನಾನು ಹೆಚ್ಚಾಗಿ ಗೆಲ್ಲುತ್ತಿದ್ದೆ. ಅದೇ ಆಗಸ್ಟಿನಲ್ಲಿ ವಾಷಿಂಗ್ಟನ್ನಿನ ವಿಶ್ವ ಪಂದ್ಯಾವಳಿಯ ಹಿರಿಯರ ವಿಭಾಗವನ್ನು ಗೆದ್ದದ್ದೂ ಇದೇ ಜೋಡಿಯೆಂದು ತಿಳಿದಾಗ ನನಗೆ ಒಳಗೊಳಗೆ ಹೆಮ್ಮೆಯಾದದ್ದನ್ನು ಮುಚ್ಚಿಡುವುದೇಕೆ!

ಹುಡುಗನು ಎಲೆ ಕಲಸುವಾಗ ನನ್ನ ಬೆರಳುಗಳು ಮಡಿಲಲ್ಲಿಯೇ ಮಿಡಿಯುತ್ತಿದ್ದವು. ಓದುಗರು ನಗಬಾರದು. ನಾಲ್ವತ್ತೆರಡು ವರ್ಷಗಳ ಮೇಲೆಯೂ ಚಟವೆಂಬುದು ಬೆರಳ ತುದಿಯಲ್ಲಿ ಉಸಿರಾಡುತ್ತಲೇ ಇರುತ್ತದೆ.

ಅಮೆರಿಕದ ಸ್ವಾತಂತ್ರ್ಯ ದಿನದ ರಜೆಯಲ್ಲಿ ಅಳಿಯ ನಮ್ಮಿಬ್ಬರನ್ನೂ ಕಾರಿನಲ್ಲಿ ಇಂಡಿಯಾನಾಪೊಲಿಸಿಗೆ ಕರೆದೊಯ್ದರು. ಡೇಟನ್ನಿನಿಂದ ಎರಡು ತಾಸಿನ ದಾರಿ. ಎರಡೂ ಬದಿಗೆ ಗೋವಿನಜೋಳದ ಹೊಲ. ಮಗಳಿಗೆ ರಜೆ ಸಿಗಲಿಲ್ಲ. ಪಂದ್ಯ ನಡೆದದ್ದು ನಗರದ ನಡುವಿನ ದೊಡ್ಡ ಸಮ್ಮೇಳನ ಭವನದಲ್ಲಿ. ಉದ್ದುದ್ದ ಮೇಜುಗಳ ಸಾಲು, ಪ್ರತಿ ಆಸನಕ್ಕೂ ಅಂಕಿ, ಅತ್ತಿತ್ತ ಓಡಾಡುವ ತೀರ್ಪುಗಾರರು. ನಮ್ಮ ಕಡೆಯ ಜಾತ್ರೆಯಷ್ಟು ಜನ. ಆದರೆ ಆಟ ಆರಂಭವಾದಾಗ ಪರೀಕ್ಷಾ ಕೊಠಡಿಯಷ್ಟು ಸದ್ದು. ಪ್ರತಿಯೊಬ್ಬನೂ ತನ್ನ 60 ಎಲೆಗಳ ಪಟ್ಟಿಯನ್ನು ಮೊದಲೇ ಬರೆದು ಕೊಡಬೇಕು. ಕಟ್ಟಿಗೂ ಪಟ್ಟಿಗೂ ಒಂದೆಲೆ ವ್ಯತ್ಯಾಸ ಬಂದರೂ ದಂಡನೆ. ಪಾಲಕರು ಹಗ್ಗದಿಂದಾಚೆ ನಿಲ್ಲಬೇಕು.

ಸೋತವರನ್ನು ಮನೆಗೆ ಕಳಿಸುವ ಪದ್ಧತಿ ಅಲ್ಲಿಲ್ಲ. ಪ್ರತಿ ಸುತ್ತಿನಲ್ಲಿಯೂ ತನ್ನಷ್ಟೇ ಗೆದ್ದವನೊಡನೆ ಜೋಡಿ ಹಾಕುತ್ತಾರೆ. ಚದುರಂಗದವರು 1895ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಚ್ ನಗರದಲ್ಲಿ ಆರಂಭಿಸಿದ ಕ್ರಮವಂತೆ. ಆದ್ದರಿಂದ ಸ್ವಿಸ್ ಪದ್ಧತಿಯೆಂದು ಹೆಸರು. ನನ್ನ ಮನಸ್ಸಿಗೆ ಹಿಡಿಸಿದ್ದು ಬೇರೆ ಎರಡು ಸಂಗತಿ. ಆಟಕ್ಕೆ ಮೊದಲು ಇಬ್ಬರೂ ಕೈ ಕುಲುಕುತ್ತಾರೆ. ಆಟ ಮುಗಿದ ಮೇಲೆ ಫಲಿತಾಂಶದ ಚೀಟಿಗೆ ಇಬ್ಬರೂ ಸಹಿ ಹಾಕುತ್ತಾರೆ, ಸೋತವನೂ ಕೂಡ. ಹತ್ತು ವರ್ಷದ ಮಗು ‘ನಾನು ಸೋತೆ’ ಎಂದು ಬರೆದದ್ದರ ಕೆಳಗೆ ಹೆಸರು ಹಾಕುವುದನ್ನು ಹಗ್ಗದಾಚೆಯಿಂದ ನೋಡಿದೆ. ನಾನಾದರೋ ಸೋತದ್ದನ್ನು ಯಾವ ಕಾಗದದ ಮೇಲೂ ಬರೆದುಕೊಟ್ಟವನಲ್ಲ.

ಮೊದಲ ನಾಲ್ಕು ಸುತ್ತುಗಳಲ್ಲಿ ಹುಡುಗನು ಮೂರನ್ನು ಗೆದ್ದನು. ಐದನೆಯ ಸುತ್ತಿಗೆ ಮುನ್ನ ಅಳಿಯ ತಿನ್ನಲು ಏನಾದರೂ ತರಲೆಂದು ಹೊರಗೆ ಹೋಗಿದ್ದರು. ಜೋಡಿಗಳ ಪಟ್ಟಿಯನ್ನು ಗೋಡೆಗೆ ಅಂಟಿಸಿದೊಡನೆ ಮಕ್ಕಳೆಲ್ಲ ಅತ್ತ ಓಡಿದರು. ಆ ನೂಕುನುಗ್ಗಲಿನಲ್ಲಿ ದೊಡ್ಡ ಹುಡುಗನೊಬ್ಬನ ಹೆಗಲು ತಾಗಿ ನಮ್ಮವನ ಕೈಯಲ್ಲಿದ್ದ ಪೆಟ್ಟಿಗೆ ನೆಲಕ್ಕೆ ಬಿದ್ದು ಬಾಯಿ ತೆರೆಯಿತು. ಅರವತ್ತು ಎಲೆಗಳೂ ಪಡಸಾಲೆಯ ತುಂಬ ಚೆಲ್ಲಿದವು. ಮೇಲಿಂದ ಮೇಲೆ ಬೂಟಿನ ಕಾಲುಗಳು. ಮೇಜಿಗೆ ತಡವಾಗಿ ಹೋದರೆ ಒಂದು ಆಟದ ಸೋಲು. ಹುಡುಗನು ಅಳಲೂ ಮರೆತು ನಿಂತುಬಿಟ್ಟನು.

ನಾನು ಮೊಣಕಾಲೂರಿದ್ದು ಯಾವಾಗ, ಎಲೆಗಳನ್ನು ಬಳಿದದ್ದು ಯಾವಾಗ, ನನಗೇ ತಿಳಿಯದು. ಹರಡಿದ ಎಲೆಗಳನ್ನು ಎರಡೂ ಅಂಗೈಯಿಂದ ಒಟ್ಟುಗೂಡಿಸಿ, ಅಂಚು ಸರಿಪಡಿಸಿ, ಹೆಬ್ಬೆರಳಿನಿಂದ ಸರಸರನೆ ಎಣಿಸಿದೆ. ಐವತ್ತೊಂಬತ್ತು. ಮತ್ತೆ ಎಣಿಸಿದೆ. ಐವತ್ತೊಂಬತ್ತೇ. ಹುಡುಗನು ನನ್ನ ಕೈಯಿಂದ ಕಟ್ಟನ್ನು ಕಸಿದು ತಿರುವಿಹಾಕಿ, ‘ಬೀಚ್ ಇಲ್ಲ’ ಎಂದನು.

ಪರರ ಒಡವೆ. ನನ್ನ ಎದೆ ಧಸಕ್ಕೆಂದಿತು. ಗೋಡೆಗುಂಟ ಸಾಲಾಗಿ ಕುರ್ಚಿಗಳಿದ್ದವು. ನಾನು ಅರವತ್ತೆಂಟರ ಮುದುಕ, ಧೋತರ ಬಿಟ್ಟು ಪ್ಯಾಂಟು ತೊಟ್ಟದ್ದು ಅಂದು ಒಳ್ಳೆಯದಾಯಿತು, ಹೊಟ್ಟೆಯ ಮೇಲೆ ಮಲಗಿ ಕುರ್ಚಿಗಳ ಕೆಳಗೆ ಕೈ ಚಾಚಿದೆ. ನಾಲ್ಕನೆಯ ಕುರ್ಚಿಯ ಹಿಂಗಾಲಿಗೆ ಒರಗಿಕೊಂಡು ಅದು ಬಿದ್ದಿತ್ತು. ಪ್ಲಾಸ್ಟಿಕ್ ಕವಚದ ಮೂಲೆ ಮಾತ್ರ ಮುರಿದಿತ್ತು, ಎಲೆ ನೆಟ್ಟಗಿತ್ತು. ಕಾಯ್ದಿರಿಸಿದ ಹೊಸ ಕವಚ ಹಾಕಿಕೊಂಡು ಹುಡುಗನು ಓಡಿದನು.

ಅವನು ಹೋದ ಮೇಲೆ ಆ ಕುರ್ಚಿಯ ಮೇಲೆಯೇ ಕುಳಿತೆ. ಅಂಗೈಗಳನ್ನು ನೋಡಿಕೊಂಡೆ. ಅಳಿಯ ಬಂದು, ಮಾವಾ, ಮೈಗೆ ಹುಷಾರಿಲ್ಲವೇ ಎಂದು ಎರಡು ಸಲ ಕೇಳಿದರಂತೆ.

ಆ ಸುತ್ತನ್ನು ಹುಡುಗನು ಸೋತನು. ಎದುರಿಗೆ ಕುಳಿತದ್ದು ಅದೇ ಹಸಿರು ಜೋಡಿ. ದಿನದ ಕೊನೆಗೆ ಅವನು ಗೆದ್ದದ್ದು ಒಟ್ಟು ನಾಲ್ಕು; ಮುಂದಿನ ಹಂತಕ್ಕೆ ಅದು ಸಾಲಲಿಲ್ಲ.

ರಾತ್ರಿ ಹೋಟೆಲಿನ ಕೋಣೆಯಲ್ಲಿ ಅಳಿಯ ನಿದ್ದೆಹೋಗಿದ್ದರು. ಹುಡುಗನು ದೀಪದ ಬೆಳಕಿನಲ್ಲಿ ಎಲೆಗಳನ್ನು ಒಂದೊಂದಾಗಿ ಒರೆಸುತ್ತ ಕುಳಿತಿದ್ದನು. ಬಹಳ ಹೊತ್ತಿನ ಮೇಲೆ, ‘ಅಜ್ಜಾ, ಇವತ್ತ ನೀ ಮುಟ್ಟಿದಿ’ ಎಂದನು.

‘ಹೌದಪ್ಪಾ.’

‘ಮೊದಲ ಯಾಕ ಮುಟ್ಟತಿದ್ದಿಲ್ಲ?’

ಹೇಳಿದೆ. ಗಿರಣಿಯ ಕೋಣೆ, ಟ್ರಂಕು, ಸಾಹುಕಾರರು, ಪಂಚಮಿ, ಎಲ್ಲವನ್ನೂ. ಅವನಿಗೆ ತಿಳಿಯುವ ಕನ್ನಡ ಸ್ವಲ್ಪ, ನನಗೆ ಬಾಯಿಗೆ ಬಂದ ಇಂಗ್ಲಿಷು ಸ್ವಲ್ಪ. ಶಾಲೆಯ ಮಿತ್ರರಿಗೆ, ಒಡಹುಟ್ಟಿದವರಿಗೆ, ಮಕ್ಕಳಿಗೆ ಹೇಳದ ಮಾತನ್ನು ಹತ್ತು ವರ್ಷದ ಮಗುವಿಗೆ ಹೇಳಿದೆ. ಅವನು ಒರೆಸುವುದನ್ನು ನಿಲ್ಲಿಸಿ ಕೇಳಿದನು.

‘ಅಜ್ಜೀ ಬಳಿ ತಿರಗಿ ಸಿಕ್ಕವೇನು?’

‘ಇಲ್ಲ.’

‘ಅಜ್ಜಿ ಜಗಳಾ ಮಾಡಿದಳೇನು?’

‘ಅದೂ ಇಲ್ಲ.’

ಅವನು ಸ್ವಲ್ಪ ಹೊತ್ತು ಯೋಚಿಸಿದನು. ‘ಮತ್ತ ಇವತ್ತ ನೀ ಮುಟ್ಟಿದ್ದಕ್ಕ ಅಜ್ಜಿ ಸಿಟ್ಟಾಗ್ತಾಳೇನು?’ ನನಗೆ ಉತ್ತರ ಹೊಳೆಯಲಿಲ್ಲ. ಗೊತ್ತಿಲ್ಲವೆಂದೆ.

ಮುಂದಿನ ಶನಿವಾರ ಆಟದ ಅಂಗಡಿಗೆ ನಾನೂ ಹೋದೆ. ಎಲೆ ಬಿದ್ದ ಸಂಗತಿಯನ್ನು ಹುಡುಗನು ಮರೆಮಾಚದೆ ಹೇಳಿ, ಮೂಲೆ ಪರೀಕ್ಷಿಸಿಕೋ ಎಂದನು. ಆ ಕಾಲೇಜು ಹುಡುಗನು ನಕ್ಕು, ನೋಡದೆಯೇ ಅದನ್ನು ತನ್ನ ಪುಸ್ತಕಕ್ಕೆ ಸೇರಿಸಿದನು; ಎಷ್ಟು ಗೆದ್ದೆಯೆಂದು ಮಾತ್ರ ಕೇಳಿದನು.

ಆ ಆಟದ ಅಮೆರಿಕದ ರಾಷ್ಟ್ರೀಯ ಪಂದ್ಯಾವಳಿ 2016ರದೇ ಕೊನೆಯದು. 2017ರಿಂದ ಅದರ ಜಾಗದಲ್ಲಿ ಉತ್ತರ ಅಮೆರಿಕದ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆಯುತ್ತಿದೆ. ಮೊಮ್ಮಗ ಈಗ ನನಗಿಂತ ಎತ್ತರ ಬೆಳೆದಿದ್ದಾನೆ. ಎಲೆಗಳು ಡೇಟನ್ನಿನ ಮನೆಯ ನೆಲಮಾಳಿಗೆಯ ಪೆಟ್ಟಿಗೆಯೊಂದರಲ್ಲಿವೆ. ಅಂದಿನ ರಾತ್ರಿ ದೀಪವಾರಿಸುವ ಮೊದಲು ಅವನು ಇನ್ನೊಂದು ಪ್ರಶ್ನೆ ಕೇಳಿದ್ದನು: ‘ಅಮ್ಮಗ ಇದು ಗೊತ್ತದ ಏನು?’ ಇಲ್ಲವೆಂದೆ. ‘ನಾ ಹೇಳಂಗಿಲ್ಲ’ ಎಂದನು. ಇಷ್ಟು ವರ್ಷವೂ ಹೇಳಿಲ್ಲ.

ಈ ಪತ್ರಿಕೆ ಅಂಚೆಯಲ್ಲಿ ಮಗಳ ಮನೆಗೂ ಹೋಗುತ್ತದೆ. ತಲುಪಲು ಮೂರು ವಾರ ಬೇಕು. ಅಷ್ಟರೊಳಗೆ ನಾನೇ ಫೋನು ಮಾಡಿ ಅವಳಿಗೆ ಹೇಳಬೇಕೆಂದಿದ್ದೇನೆ.