ಕಲ್ಲಿಗೂ ಒಂದು ವಿಳಾಸ ಇರುತ್ತದೆ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಸಹಿ ತಾಳೆ ನೋಡದೆ ಒಂದು ಚೆಕ್ಕನ್ನೂ ಮುಂದಕ್ಕೆ ಕಳಿಸಿದವನಲ್ಲ. ಅಂಥವನು ಹೋದ ವರ್ಷ ಒಂದು ಕಲ್ಲನ್ನು ಹಿಂದುಮುಂದು ವಿಚಾರಿಸದೆ ಮೊಮ್ಮಗಳ ಅಕ್ವೇರಿಯಂಗೆ ಇಳಿಸಿಬಿಟ್ಟೆ.

ತೀರ್ಥಹಳ್ಳಿ ಹತ್ತಿರದ ಹಳ್ಳಿಯೊಂದರಲ್ಲಿ ನಮ್ಮ ಅಕ್ಕನ ಮನೆ. ಅವರ ಅಡಿಕೆ ತೋಟದ ಮೂಲೆಯಲ್ಲಿ ಬಿದ್ದಿದ್ದ ಕಲ್ಲು ಅದು. ಮೈಮೇಲೆ ತಿಳಿ ನೀಲಿ ಬಣ್ಣ, ನಡುನಡುವೆ ಬಿಳಿ ಪಟ್ಟೆ. ‘ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಇಂಥದ್ದು ಸಿಗುವುದಿಲ್ಲ’ ಎಂದು ಹೆಮ್ಮೆಯಿಂದ ಶಿವಮೊಗ್ಗಕ್ಕೆ ತಂದೆ. ನಲ್ಲಿಯ ಕೆಳಗೆ ಹಿಡಿದು ತೊಳೆದೆ. ಆರನೇ ತರಗತಿಯ ಮೊಮ್ಮಗಳು ಚಪ್ಪಾಳೆ ತಟ್ಟಿದಳು.

ಮಾರನೆಯ ದಿನ ಬಸವನಹುಳುಗಳು ಅಲುಗಾಡಲಿಲ್ಲ. ಮೂರನೆಯ ದಿನ ಗಪ್ಪಿ ಮೀನುಗಳು ನೀರಿನ ಮೇಲ್ಗಡೆ ಬಂದು ಬಾಯಿ ಬಿಡತೊಡಗಿದವು. ವಾರ ಕಳೆಯುವಷ್ಟರಲ್ಲಿ ಒಂದೂ ಉಳಿಯಲಿಲ್ಲ. ಮೀನಿನ ಅಂಗಡಿಯವನು, “ಕಲ್ಲು ಎಲ್ಲಿಂದ ತಂದಿರಿ ಸಾರ್?” ಎಂದು ಕೇಳಿದ. “ಊರಿಂದ” ಎಂದೆ. ನನಗೆ ಗೊತ್ತಿದ್ದದ್ದು ಅಷ್ಟೇ. ಮೊಮ್ಮಗಳು ನನ್ನನ್ನು ಬೈಯಲಿಲ್ಲ. ಗಾಜಿನ ತೊಟ್ಟಿಯನ್ನು ಒರೆಸಿ, ಮಹಡಿ ಮೆಟ್ಟಿಲ ಕೆಳಗೆ ಬೋರಲು ಹಾಕಿಟ್ಟಳು. ಬೈದಿದ್ದರೇ ಚೆನ್ನಾಗಿತ್ತು.

ಈ ಬೇಸಿಗೆ ರಜೆಯಲ್ಲಿ ಅವಳೇ, “ಅಜ್ಜ, ಆ ಕಲ್ಲು ಸಿಕ್ಕಿದ ಜಾಗ ತೋರಿಸ್ತೀಯಾ?” ಎಂದಳು. ಹೊರಟೆವು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ಗಾಜನೂರು ಅಣೆಕಟ್ಟೆ, ಆನೆಗಳ ಸಕ್ರೆಬೈಲು, ಮಳೆಗಾಲದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುವ ಮಂಡಗದ್ದೆ ದಾಟಿ ಬಸ್ಸು ಹೋಗುತ್ತದೆ. ದಾರಿಯುದ್ದಕ್ಕೂ ಮರಗಳ ಸಂದಿಯಲ್ಲಿ ತುಂಗೆ ಆಗಾಗ ಇಣುಕುತ್ತಾಳೆ. ಕಿಟಕಿ ಪಕ್ಕ ಕುಳಿತ ಮೊಮ್ಮಗಳು ಮಾತ್ರ ಹೆಚ್ಚು ಮಾತಾಡಲಿಲ್ಲ.

ತೋಟದ ಮೂಲೆಗೆ ಭಾವನನ್ನೂ ಕರೆದುಕೊಂಡು ಹೋದೆವು. ಜಾಗ ನೋಡಿದ್ದೇ ಭಾವ ಹಣೆ ಚಚ್ಚಿಕೊಂಡರು. “ಅಯ್ಯೋ ಮಾರಾಯ, ಇಲ್ಲಿಂದ ತಗೊಂಡು ಹೋಗಿದ್ಯಾ? ನಾವು ಔಷಧಿ ಕಲಸೋ ಜಾಗ ಅಲ್ವಾ ಇದು!”

ಅಡಿಕೆಗೆ ಕೊಳೆರೋಗ ಬಾರದಿರಲೆಂದು ಮಳೆ ಹಿಡಿಯುವ ಮೊದಲು ಒಮ್ಮೆ, ಸುಮಾರು 40–45 ದಿನ ಬಿಟ್ಟು ಮತ್ತೊಮ್ಮೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯುತ್ತಾರೆ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಮೈಲುತುತ್ತವೆಂದರೆ ತಾಮ್ರದ ಸಲ್ಫೇಟ್. ಅಡಿಕೆಯನ್ನು ಕಾಯುವ ಆ ತಾಮ್ರವೇ ನೀರಿಗೆ ಸೇರಿದರೆ ಬಸವನಹುಳುವಿಗೂ ಮೀನಿಗೂ ವಿಷ. ನನ್ನ ಕಲ್ಲು ವರ್ಷಗಟ್ಟಲೆ ಆ ಡ್ರಮ್ಮಿನ ಪಕ್ಕದಲ್ಲಿ ಕುಳಿತಿತ್ತು. ನಾನು ಮೆಚ್ಚಿಕೊಂಡ ನೀಲಿ ಕಲ್ಲಿನದಲ್ಲ, ಔಷಧಿಯದು.

ಮೊಮ್ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತು, “ತಪ್ಪು ನನ್ನದೇ ಪುಟ್ಟಿ. ಕೇಳಿದ್ದರೆ ಭಾವ ಅವತ್ತೇ ಹೇಳ್ತಿದ್ರು. ನಾನು ಕೇಳಲಿಲ್ಲ” ಎಂದೆ. ಅವಳು ಸ್ವಲ್ಪ ಹೊತ್ತು ಡ್ರಮ್ಮನ್ನೇ ನೋಡಿ, “ಸರಿ, ಈಗ ಕೇಳಿಕೊಂಡೇ ತರೋಣ” ಎಂದಳು.

ಭಾವ ನಮ್ಮನ್ನು ತೋಟದಿಂದ ದೂರ, ಹೊಳೆಗೆ ಕರೆದೊಯ್ದರು. ಬೇಸಿಗೆಯ ತುಂಗೆ ಸಣಕಲು. ದಡದಲ್ಲೆಲ್ಲ ಗುಂಡು ಕಲ್ಲುಗಳು: ಬೂದು, ಕಪ್ಪು, ಹಾಲಿನಂಥ ಬೆಣಚುಕಲ್ಲು. ಎಷ್ಟೋ ಮಳೆಗಾಲ ಉರುಳಿ ಉರುಳಿ ಮೂಲೆ ಸವೆದವು. ಮೀನಿನ ಮೈಗೆ ಗೀರು ಬೀಳದಿರಲು ಇಂಥವೇ ಒಳ್ಳೆಯವು.

ಮೊಮ್ಮಗಳು ನೀರಿನೊಳಗಿನ ಒಂದು ಕಲ್ಲನ್ನು ಎತ್ತಿ ತಿರುಗಿಸಿದಳು. ಅಡಿಯಲ್ಲಿ ಮರಳಿನ ಕಣಗಳನ್ನು ಅಂಟಿಸಿ ಕಟ್ಟಿದ, ಅಕ್ಕಿಕಾಳಿನಷ್ಟು ಉದ್ದದ ಕೊಳವೆಗಳು! ಒಂದರಿಂದ ಪುಟ್ಟ ಹುಳು ತಲೆ ಹಾಕಿತು. ರೆಕ್ಕೆ ಬಂದು ಹಾರಿಹೋಗುವ ತನಕ ಅದಕ್ಕೆ ಅದೇ ಮನೆ. ಹೊಳೆಯ ಮೀನುಗಳಿಗೆ ಇಂಥ ಹುಳುಗಳೇ ಊಟ. “ಇದಕ್ಕೆ ಆಗಲೇ ಬಾಡಿಗೆದಾರರು ಇದ್ದಾರೆ ಅಜ್ಜ” ಎಂದು ಅವಳು ಕಲ್ಲನ್ನು ಇದ್ದ ಹಾಗೆಯೇ ಮೆಲ್ಲಗೆ ಇಟ್ಟಳು. ಆಮೇಲೆ ಒಣ ದಡದಿಂದ ಮಾತ್ರ ಆರಿಸಿದೆವು. ಒಟ್ಟು ಏಳು. ಶೃಂಗೇರಿಯ ಸ್ನಾನಘಟ್ಟದಂಥ ದೇವರ ಮೀನುಗಳ ತಾಣ, ಅಭಯಾರಣ್ಯ ಇವುಗಳಿಂದ ಮಾತ್ರ ಒಂದು ಕಲ್ಲನ್ನೂ ಎತ್ತಬಾರದು.

ಮನೆಗೆ ಬಂದ ಮೇಲೆ ತಪಾಸಣೆ. ಮಕ್ಕಳೇ, ಇದನ್ನು ನೀವು ಅಜ್ಜ ಅಜ್ಜಿಯ ಜೊತೆ ಕೂತು ಮಾಡಬಹುದು. ಸಾಬೂನು ಹಾಕದೆ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಒಣಗಿದ ಮೇಲೆ ಮೊಳೆಯಿಂದ ಒಂದು ಕಡೆ ಗೀರಿ, ಅಲ್ಲಿ ನಾಲ್ಕು ಹನಿ ವಿನೆಗರ್ ಬಿಡಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಸುಣ್ಣವಿದೆ, ನೀರನ್ನು ನಿಧಾನವಾಗಿ ಗಡಸು ಮಾಡುತ್ತದೆ. ನಮ್ಮ ಏಳರಲ್ಲಿ ಒಂದು ಬುಸುಗುಟ್ಟಿತು. ಇನ್ನೊಂದರಲ್ಲಿ ತುಕ್ಕಿನ ಗೆರೆ, ಲೋಹದ ಮಿನುಗು ಕಂಡಿತು. ಎರಡನ್ನೂ ತುಳಸಿಕಟ್ಟೆಯ ಬುಡಕ್ಕೆ ಇಟ್ಟೆವು. ಉಳಿದ ಐದನ್ನು ಬಕೆಟ್ಟಿನಲ್ಲಿ ಮುಳುಗಿಸಿ, ದಿನವೂ ನೀರು ಬದಲಿಸುತ್ತ ಒಂದು ವಾರ ಇಟ್ಟೆವು. ಕಲ್ಲನ್ನು ಕುದಿಸುವ ಸಾಹಸ ಮಾತ್ರ ಬೇಡ. ಒಳಗಿನ ತೇವ ಆವಿಯಾಗಿ ಕಲ್ಲು ಸಿಡಿಯಬಹುದು.

ಒಂದು ಮಾತು ನೆನಪಿರಲಿ. ವಿನೆಗರ್ ಹಿಡಿಯುವುದು ಸುಣ್ಣವನ್ನು, ವಿಷವನ್ನಲ್ಲ. ತೋಟದ ಔಷಧಿಯೋ ಗ್ಯಾರೇಜಿನ ಎಣ್ಣೆಯೋ ಕಲ್ಲಿಗೆ ತಾಗಿದೆಯೇ ಎಂದು ಯಾವ ಹನಿಯೂ ಹೇಳುವುದಿಲ್ಲ. ಅದನ್ನು ಹೇಳುವವರು ಆ ಜಾಗದ ಜನ. ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯುವವರಿಗೆ ವಿಳಾಸದ ಪುರಾವೆ ಕೇಳುತ್ತಿದ್ದೆವಲ್ಲ, ಹಾಗೆ ಕಲ್ಲಿನ ವಿಳಾಸವನ್ನೂ ಕೇಳಬೇಕು. ಉತ್ತರ ಸಿಗದಿದ್ದರೆ ಅಲ್ಲೇ ಬಿಟ್ಟು ಬರಬೇಕು, ಎಷ್ಟೇ ಚೆಂದವಿದ್ದರೂ.

ಹಳೆಯ ತೊಟ್ಟಿ ಬೇಡವೆಂದು ಹೊಸದು ತಂದೆವು. ಮೊದಲು ತಳದಲ್ಲಿ ಒಂದು ತೆಳು ಹಾಳೆ ಹಾಸಿ ದೊಡ್ಡ ಕಲ್ಲುಗಳನ್ನು ಅಲುಗದಂತೆ ಕೂರಿಸಿದೆವು, ಆಮೇಲೆ ಸುತ್ತ ಮರಳು ತುಂಬಿದೆವು. ಮರಳಿನ ಮೇಲಿಟ್ಟರೆ ಕಲ್ಲು ಜಾರಿ ಗಾಜು ಒಡೆದೀತು. ನೀರು ತುಂಬಿ ಕೆಲವು ವಾರ ಕಾದು, ಮೊದಲು ಎರಡೇ ಗಪ್ಪಿಗಳನ್ನು ಬಿಟ್ಟೆವು.

ಮೂರನೆಯ ದಿನ ನಸುಕಿನಲ್ಲೇ ಎದ್ದು ನೋಡಲು ಹೋದೆ. ಮೊಮ್ಮಗಳು ನನಗಿಂತ ಮೊದಲೇ ಅಲ್ಲಿ ಕೂತಿದ್ದಳು. ಬೂದು ಕಲ್ಲಿನ ಹಿಂದಿನಿಂದ ಒಂದು ಬಾಲ ಹೊರಗೆ ಬಂತು, ಅದರ ಹಿಂದೆ ಇನ್ನೊಂದು. ಅವಳು ಬೆರಳು ಮಡಿಚಿ ಎಣಿಸಿದಳು. “ಅಜ್ಜ, ಲೆಕ್ಕ ಸರಿಯಾಗಿದೆ” ಎಂದಳು.