ಹೊಳಪಿನ ಸಿಪ್ಪೆ

ಧಾರವಾಡದ ಸಪ್ತಾಪುರದಲ್ಲಿ ಓದಲು ಬಂದ ಹುಡುಗರ ಬಾಡಿಗೆ ಕೋಣೆಗಳಿಗೆ ಲೆಕ್ಕವಿಲ್ಲ. ಅಂಥದೊಂದು ಕೋಣೆಗೆ ಹಳಿಯಾಳದ ಕಡೆಯ ರೈತನೊಬ್ಬ ಮಗನಿಗಾಗಿ ಪುಸ್ತಕ ಇಡುವ ಬಿದಿರಿನ ಕಪಾಟು ಮಾಡಿ ತಂದ. ಅದು ಬಿದಿರಿನ ಸೀಮೆ. 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾಗದದ ಕಾರ್ಖಾನೆ ನೆಚ್ಚಿಕೊಂಡದ್ದೂ ಆ ಬಿದಿರನ್ನೇ. ಬೇಸಿಗೆಯಿಡೀ ನೆರಳಲ್ಲಿ ಒಣಗಿಸಿದ ಗಳ, ಮೇಲೆ ಎರಡು ಕೈ ವಾರ್ನಿಶ್. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದ.

ಎರಡೇ ತಿಂಗಳು. ವಾರ್ನಿಶ್ ಹಾವಿನ ಪೊರೆಯಂತೆ ಎದ್ದು ಪುಸ್ತಕಗಳ ಮೇಲೆ ಉದುರತೊಡಗಿತು. ಜೊತೆಯವರು ನಕ್ಕರು. ಮಗ ಕಪಾಟನ್ನು ಹೊರಗೆ, ಚಪ್ಪಲಿಗಳ ಪಕ್ಕಕ್ಕೆ ಸರಿಸಿದ. ಮತ್ತೆ ಬಂದ ಅಪ್ಪನ ಕಣ್ಣಿಗೆ ಮೊದಲು ಬಿದ್ದದ್ದೇ ಅದು. ಏನೂ ಅನ್ನಲಿಲ್ಲ. ಅಲ್ಲೇ ಕುಳಿತು ಉಗುರಿನಿಂದ ವಾರ್ನಿಶ್ ಕೀಳತೊಡಗಿದ.

ಮಗನಿಗೆ ನಾಚಿಕೆಯಾಯಿತು. ತಾನೂ ಕುಳಿತ. ವಾರ್ನಿಶ್ ಎದ್ದ ಜಾಗದಲ್ಲಿ ಒಂದು ಹನಿ ನೀರು ಬಿಟ್ಟು ನೋಡಿದ. ಕೆಸುವಿನ ಎಲೆಯ ಮೇಲಿನಂತೆ ಅದು ಗುಂಡಗೆ ನಿಂತಿತು. ಗಳದ ಕೊಯ್ದ ತುದಿಯಲ್ಲಿ ಬಿಟ್ಟ ಹನಿ ಮಾತ್ರ ಇಂಗಿಹೋಯಿತು.

ಬಿದಿರಿನ ಹೊರಮೈಗೆ ಮೇಣದ ತೆಳು ಲೇಪವಿರುತ್ತದೆ. ಅದರ ಕೆಳಗಿನ ಸಿಪ್ಪೆಯಲ್ಲಿ ಸಿಲಿಕಾ, ಅಂದರೆ ಉಸುಕಿನಲ್ಲಿರುವ ವಸ್ತುವೇ, ಸೇರಿಕೊಂಡಿರುತ್ತದೆ. ಬಿದಿರನ್ನು ಕಾಯುವ ಈ ಕವಚವೇ ಬಣ್ಣವನ್ನೂ ದೂರವಿಡುತ್ತದೆ. ದ್ರವ ಹರಡಬೇಕು, ಸಣ್ಣ ಗೀರುಗಳಿಗೆ ಇಳಿಯಬೇಕು. ಆಗಲೇ ಅದಕ್ಕೆ ಹಿಡಿತ.

"ಮೇದಾರರು ಬಣ್ಣ ಹಚ್ಚೂ ಮೊದಲ ಸಿಪ್ಪಿ ಹೆರೀತಾರ. ನನಗೂ ಗೊತ್ತಿತ್ತು," ಎಂದ ಅಪ್ಪ. "ಹೊಳಪು ಹೋದ್ರ ನಿನ್ನ ಗೆಳ್ಯಾರ ಮುಂದ ಚಂದ ಕಾಣಂಗಿಲ್ಲಂತ ಹಂಗ ಬಿಟ್ಟೆ."

ಮಗ ಏನೂ ಹೇಳಲಾರದೆ ಚಾಕು ತಂದ. ಮೂಗಿಗೆ ವಸ್ತ್ರ ಕಟ್ಟಿಕೊಂಡು ಇಬ್ಬರೂ ಹೊಳಪು ಹೋಗುವವರೆಗೆ ಹೆರೆದರು. ಆಳಕ್ಕೆ ಹೋಗಲಿಲ್ಲ, ಸಿಪ್ಪೆಯ ಕೆಳಗಿನ ಒತ್ತಾದ ನಾರೇ ಬಿದಿರಿನ ಬಲ. ಬಳಿಕ 120 ನಂಬರಿನ ಉಜ್ಜುಕಾಗದ, ಆಮೇಲೆ 220, ನಾರಿನ ಗುಂಟ. ಗೆಣ್ಣುಗಳಿಗೆ ಹೆಚ್ಚು ಹೊತ್ತು ಹಿಡಿಯಿತು. ಒದ್ದೆ ಬಟ್ಟೆಯಿಂದ ದೂಳು ಒರೆಸಿ, ಒಣಗಿಸಿ, ಮತ್ತೆ ಒಂದು ಹನಿ ಬಿಟ್ಟರು. ಈ ಸಲ ಹರಡಿತು. ಮೊದಲ ಕೈಯ ವಾರ್ನಿಶ್‌ಗೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ ಹಚ್ಚಿದರು.

"ಪೂರಾ ಒಣಗಿದ ಮ್ಯಾಲೆ ಹಗೂರಕ ಉಜ್ಜಿ, ಎರಡನೇ ಕೈ ನೀನ ಹಚ್ಚು," ಎಂದು ಅಪ್ಪ ಸಂಜೆಯ ಬಸ್ಸಿಗೆ ಹೊರಟ.

ಮರುದಿನ ಮಗ ಹಚ್ಚಿದ. ಮೊದಲಿನ ಹೊಳಪು ಬರಲಿಲ್ಲ. ಆದರೆ ಮಳೆಗಾಲ ಕಳೆದರೂ ಸಿಪ್ಪೆ ಎದ್ದಿಲ್ಲ. ಕಪಾಟು ಈಗ ಕೋಣೆಯೊಳಗೆ, ಬಾಗಿಲ ಎದುರಿಗೇ ಇದೆ.